ಹತ್ತಿ ಕೋಣೆಯ ದನಿ

"ದನಿ ಎಲ್ಲಿ ಹೋಯ್ತು?"

ಹಾಸಿಗೆಯಮ್ಮ ಹತ್ತಿ ಕೋಣೆಯ ಬಾಗಿಲನ್ನು ಅಂಗೈಯಿಂದ ಗುದ್ದಿದಳು. "ಕೇಳ್ತಾ ಇದ್ದೀನಿ ಅಳಿಯಂದ್ರೇ, ದನಿ ಎಲ್ಲಿ ಹೋಯ್ತು? ನಿದ್ದೆ ಬಂತಾ?"

"ಓದ್ತಾ ಇದ್ದೀನಿ ಅತ್ತೆ."

"ಏನು ಓದ್ತಾ ಇದ್ದೀರಿ? ನನಗೇನೂ ಕೇಳ್ತಾ ಇಲ್ಲ."

"ಮನಸ್ಸಿನಲ್ಲೇ ಓದ್ತಾ ಇದ್ದೀನಿ."

"ಓಹೋ! ಹಾಗಾದ್ರೆ ಇವತ್ತು ಊಟಾನೂ ಮನಸ್ಸಿನಲ್ಲೇ ಮಾಡ್ಕೊಳ್ಳಿ. ತಟ್ಟೆ ತೊಳೆಯೋ ಕೆಲಸ ತಪ್ಪುತ್ತೆ."

ಬಾಗಿಲು ಧಡಾರನೆ ತೆರೆಯಿತು. ತಲೆತುಂಬ ಹತ್ತಿಯ ಎಳೆ ಅಂಟಿಸಿಕೊಂಡು ಅಳಿಯ ನಿಂತಿದ್ದ. ಕೈಯಲ್ಲಿ ದಪ್ಪನೆಯ ಇಂಗ್ಲಿಷ್ ವ್ಯಾಕರಣದ ಪುಸ್ತಕ, ನಡುವೆ ಬೆರಳು ಸಿಕ್ಕಿಸಿಕೊಂಡಿದ್ದ.

"ಅತ್ತೆ, ಗಳಿಗೆಗೊಂದು ಸಲ ಹೀಗೆ ಬಾಗಿಲು ಬಡಿದ್ರೆ ನನ್ನ ತಲೆಗೆ ಏನು ಹತ್ತಬೇಕು? ಪರೀಕ್ಷೆ ಬರೆಯೋದು ಕೈಯಲ್ಲಿ, ಗಂಟಲಲ್ಲಿ ಅಲ್ಲ."

"ನನಗೆ ಹೇಳಿಕೊಡ್ಬೇಡಿ. ನಾನೂ ಶಾಲೆಗೆ ಹೋದವಳೇ. ನಮ್ಮ ಮೇಷ್ಟ್ರು ಬೀದಿ ಕೊನೇವರೆಗೂ ಕೇಳೋ ಹಾಗೆ ಮಗ್ಗಿ ಹೇಳಿಸದೆ ಒಬ್ಬರನ್ನೂ ಮನೆಗೆ ಬಿಡ್ತಿರಲಿಲ್ಲ. ಓದು ಅಂದ್ರೆ ಕಿವಿಗೆ ಬೀಳಬೇಕು."

"ಬಿಡಮ್ಮ," ಎಂದಳು ಮಗಳು. ನೆಲದ ಮೇಲೆ ಹಾಸಿಗೆಯೊಂದರ ಅಂಚು ಹೊಲಿಯುತ್ತ ಕೂತಿದ್ದವಳು ತಲೆ ಎತ್ತಿರಲಿಲ್ಲ.

"ನೀನು ಹೊಲಿ. ಹೊಲಿಗೆ ಎಡಕ್ಕೆ ವಾಲ್ತಾ ಇದೆ, ನೋಡ್ಕೋ."

ಹತ್ತಿ ಹಿಂಜುವ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ ಯಜಮಾನ ಅಲ್ಲಿಂದಲೇ ಕೂಗಿದ: "ಸದ್ದು ತಾನೇ ಬೇಕಾಗಿರೋದು? ಯಂತ್ರ ಹಾಕ್ಲೇನೇ?"

"ನೀವು ಬಾಯಿಗೆ ಸ್ವಲ್ಪ ಹತ್ತಿ ತುರುಕಿಕೊಳ್ಳಿ," ಎಂದು ಹಾಸಿಗೆಯಮ್ಮ ಗಂಡನಿಗೂ ಒಂದು ಏಟು ಬಿಟ್ಟಳು. ಅಳಿಯ ಬಾಗಿಲು ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಶುರುವಾಯಿತು. "ರೈಟ್, ರೋಟ್, ರಿಟನ್. ಬ್ರೇಕ್, ಬ್ರೋಕ್, ಬ್ರೋಕನ್."

"ಗಟ್ಟಿಯಾಗಿ! ನಾನಿಲ್ಲೇ ಇದ್ದೀನಿ, ನೆನಪಿರಲಿ!"

"ಹ್ಞೂಂ ಅತ್ತೆ," ಎಂದು ದನಿ ಇನ್ನೊಂದು ಮೆಟ್ಟಿಲು ಮೇಲೆ ಹತ್ತಿತು.

ಆ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡಿ ಬೆಳೆದವರಲ್ಲ. ಮುಂದಿನ ಕೋಣೆಯಲ್ಲಿ ಯಂತ್ರ ಬೆಳಿಗ್ಗೆಯಿಂದ ಗರಗರ ತಿರುಗುತ್ತಿತ್ತು. ಅದರ ಮೇಲೆ ಕೂಗಿಯೇ ಉಪ್ಪು ಕೇಳಬೇಕು, ಕೂಗಿಯೇ ಪ್ರೀತಿ ಮಾಡಬೇಕು. ಯಂತ್ರ ಸುಮ್ಮನಾಯಿತೆಂದರೆ ಒಂದೋ ಕೆಟ್ಟಿದೆ, ಇಲ್ಲವೇ ಕೆಲಸವಿಲ್ಲ. ಹಾಸಿಗೆಯಮ್ಮನಿಗೆ ಅಷ್ಟು ವರ್ಷದಲ್ಲಿ ಮೈಗೆ ಹತ್ತಿದ್ದ ಲೆಕ್ಕ ಅದೊಂದೇ: ಸದ್ದಿದ್ದರೆ ಕೆಲಸ, ಸದ್ದಿಲ್ಲದಿದ್ದರೆ ಸೋಮಾರಿತನ. ಅದಕ್ಕೇ ಬಾಯಿ ಮುಚ್ಚಿಕೊಂಡು ಪುಸ್ತಕ ನೋಡುವವನನ್ನು ಕಂಡರೆ ಅವಳಿಗೆ ನಿಂತ ಯಂತ್ರವನ್ನು ಕಂಡಷ್ಟೇ ಸಿಟ್ಟು.

ಒಬ್ಬಳೇ ಮಗಳು. ಅವಳನ್ನು ಕಳಿಸಿಕೊಡಲಾರದೆ ಅಳಿಯನನ್ನೇ ಮನೆಗೆ ತಂದುಕೊಂಡಿದ್ದರು. ಅವನು ದೊಡ್ಡ ಹೋಟೆಲೊಂದರಲ್ಲಿ ಲಿಫ್ಟ್ ಓಡಿಸುತ್ತಿದ್ದ. ಬೆಳಿಗ್ಗೆ ಹೋದರೆ ಮಧ್ಯಾಹ್ನ ಕಳೆದು ಬರುತ್ತಿದ್ದ. ಆಮೇಲೆ ಮಾವನ ಜೊತೆ ಹತ್ತಿ ಹಿಂಜಲು ಕೂರಬೇಕು. ಬೀದಿಯವರು ಅವನನ್ನು 'ಲಿಫ್ಟಿನವನು' ಎಂದೇ ಕರೆಯುತ್ತಿದ್ದರು. ಹಗಲೆಲ್ಲ ಮೇಲೆ ಹೋಗಿ ಕೆಳಗೆ ಬಂದರೂ ಇದ್ದಲ್ಲೇ ಇರುವವನು ಎಂದು ನಗುತ್ತಿದ್ದರು.

ಈಗ ಹೋಟೆಲಿನವರು ಒಂದು ಪರೀಕ್ಷೆ ಇಟ್ಟಿದ್ದರು. ಇಂಗ್ಲಿಷ್ ವ್ಯಾಕರಣ, ಶಬ್ದಗಳು. ತೀರ ಕೆಳಗಿನದೂ ಅಲ್ಲ, ತೀರ ಮೇಲಿನದೂ ಅಲ್ಲ, ನಡುವಿನ ಹಂತದ್ದು. ಪಾಸಾದವನು ಮುಂಬಾಗಿಲ ಮೇಜಿನ ಹಿಂದೆ ಕೂತು ಬಂದವರಿಗೆ ಕೋಣೆ ಕೊಡುವ ಕೆಲಸಕ್ಕೆ ಏರಬಹುದು. ಹೋಟೆಲಿಗೆ ಬೇರೆ ಊರುಗಳಲ್ಲೂ ಶಾಖೆಗಳಿದ್ದವು.

ಆ ಕೊನೆಯ ಮಾತು ಹಾಸಿಗೆಯಮ್ಮನ ಕಿವಿಗೆ ಬಿದ್ದದ್ದೇ ತಪ್ಪಾಯಿತು. ಓದದಿದ್ದರೆ ಹತ್ತಿ ಕೆಲಸ ತಪ್ಪಿಸಿಕೊಳ್ಳುವ ನಾಟಕ ಎಂಬ ಅನುಮಾನ. ಓದಿದರೆ ಮಗಳನ್ನು ಕಟ್ಟಿಕೊಂಡು ಹೊರಟೇ ಹೋಗುತ್ತಾನೆ ಎಂಬ ಅನುಮಾನ. ಎರಡನ್ನೂ ಅವಳು ಒಂದೇ ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದಳು. ಕೊನೆಗೆ ಮಗಳ ಮುಖ ನೋಡಿ ಒಪ್ಪಿದ್ದಳು: ಪರೀಕ್ಷೆ ಮುಗಿಯುವವರೆಗೆ ಸಂಜೆಯ ಹಿಂಜುವ ಕೆಲಸ ಬೇಡ, ಆದರೆ ಚಹಾ ಕುಡಿದಾಗಿನಿಂದ ಊಟದವರೆಗೆ ಹತ್ತಿ ಕೋಣೆಯಲ್ಲಿ ಗಟ್ಟಿಯಾಗಿ ಓದಬೇಕು.

ಆ ಜಗಳದ ನಂತರದ ವಾರ ಚೆನ್ನಾಗಿಯೇ ನಡೆಯಿತು. ಸಂಜೆಯಾದರೆ ದನಿ ತಪ್ಪದೆ ಕೇಳುತ್ತಿತ್ತು. "ಬಾರೋ ಅಂದ್ರೆ ಸಾಲ ತಗೊಳ್ಳೋದು. ಲೆಂಡ್ ಅಂದ್ರೆ ಸಾಲ ಕೊಡೋದು." ದಿಂಬು ಕೊಳ್ಳಲು ಬಂದವರು ಕಿವಿಗೊಟ್ಟರೆ ಹಾಸಿಗೆಯಮ್ಮ ಗಲ್ಲ ಎತ್ತಿ, "ನಮ್ಮ ಅಳಿಯ. ಇಂಗ್ಲಿಷು," ಎನ್ನುತ್ತಿದ್ದಳು. ಎದುರಿನ ಗಾಜಿನಂಗಡಿಯವಳು, "ಅಯ್ಯೋ, ನನಗೂ ಬಾಯಿಪಾಠ ಆಗೋಯ್ತು ಕಣ್ರೀ. ನಾನೇ ಹೋಗಿ ಬರೆದು ಬರ್ಲಾ?" ಎಂದು ನಕ್ಕಳು.

ಊಟಕ್ಕೆ ಕೂತಾಗ ಅಳಿಯ ಖುಷಿಯಾಗಿರುತ್ತಿದ್ದ. ಆಲೂಗಡ್ಡೆ ಬಡಿಸಿಕೊಳ್ಳುತ್ತ ಹೆಂಡತಿಗೆ ಹೇಳಿದ: "ಇವತ್ತು ಒಂದು ಥರದ ವಾಕ್ಯ ಕಲಿತೆ. ಆಗಬಹುದಿತ್ತು, ಆದ್ರೆ ಆಗ್ಲಿಲ್ಲ ಅನ್ನೋದನ್ನ ಹೇಳೋಕೆ ಬೇರೇನೇ ನಿಯಮ ಇದೆ."

"ಆಗದೆ ಹೋದದ್ದಕ್ಕೂ ನಿಯಮ ಬೇಕಾ?" ಎಂದಳು ಹಾಸಿಗೆಯಮ್ಮ. "ನಾವು ಸುಮ್ನೆ ಬೈಕೊಳ್ತೀವಪ್ಪ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗುತ್ತಲೇ ಅವಳ ಕಣ್ಣು ಅಳಿಯನ ತಲೆಯ ಮೇಲೆ ನಿಂತಿತು.

ಕೂದಲು ಕರ್ರಗಿತ್ತು. ಬಾಚಿದ ಹಾಗೆಯೇ ಇತ್ತು. ಒಂದೇ ಒಂದು ಎಳೆ ಹತ್ತಿಯಿಲ್ಲ.

ಹತ್ತಿ ಕೋಣೆಯಲ್ಲಿ ಒಂದು ಗಳಿಗೆ ನಿಂತು ಬಂದರೂ ಹುಬ್ಬು ನರೆಯುತ್ತದೆ. ಅವಳ ಸೆರಗು, ಮಗಳ ಜಡೆ, ಗಂಡನ ಕಿವಿಯ ಕೂದಲು, ಎಲ್ಲದರಲ್ಲೂ ಹತ್ತಿ. ಇವನು ಸಂಜೆಯಿಡೀ ಅಲ್ಲೇ ಕೂತು ಮದುಮಗನ ಹಾಗೆ ಎದ್ದು ಬಂದಿದ್ದಾನೆ! ನಗು ಅವಳ ಬಾಯಲ್ಲೇ ತಣ್ಣಗಾಯಿತು.

"ಏನಮ್ಮ, ಹಾಗೆ ನೋಡ್ತಿದ್ದೀಯಾ?" ಎಂದಳು ಮಗಳು.

"ಏನಿಲ್ಲ. ಅಳಿಯಂದ್ರು ಚೆನ್ನಾಗಿ ಕಾಣ್ತಾ ಇದ್ದಾರೆ."

ಮಗಳು ಸರಕ್ಕನೆ ತಟ್ಟೆ ನೋಡಿಕೊಂಡಳು. ಅದನ್ನೂ ಹಾಸಿಗೆಯಮ್ಮ ಗಮನಿಸಿದಳು.

ಮಾರನೆಯ ಸಂಜೆಯಿಂದ ಅವಳು ಬೇಕೆಂದೇ ಹತ್ತಿ ಕೋಣೆಯ ಗೋಡೆಗೆ ಬೆನ್ನು ಕೊಟ್ಟು ಹೊಲಿಯಲು ಕೂತಳು. ಬ್ರೇಕ್, ಬ್ರೋಕ್, ಬ್ರೋಕನ್ ಆದ ಮೇಲೆ ಒಂದು ಕೆಮ್ಮು. ಮರುದಿನವೂ ಬ್ರೋಕನ್ ಆದ ಮೇಲೆ ಅದೇ ಕೆಮ್ಮು, ಅದೇ ಉದ್ದ. 'ಆ ಶಬ್ದದಲ್ಲಿ ಮುಳ್ಳಿದೆಯೋ ಏನೋ' ಎಂದುಕೊಂಡಳು. ಆಮೇಲೆ ಒಂದು ದಿನ ಉದ್ದನೆಯ ಹಾಸಿಗೆ ಸೂಜಿಗೆ ಪೋಣಿಸಲು ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಾಗ ಗೋಡೆಯ ಆ ಕಡೆಯಿಂದ ಹೆಂಗಸೊಬ್ಬಳು ಅಬ್ಬರಿಸಿದಳು.

"ಗಟ್ಟಿಯಾಗಿ! ನಾನಿಲ್ಲೇ ಇದ್ದೀನಿ, ನೆನಪಿರಲಿ!"

ದಾರ ಬಾಯಿಂದ ಜಾರಿತು. ಅದು ಅವಳದೇ ದನಿ. ಬಾಯಿ ಮುಚ್ಚಿಕೊಂಡು ಇಲ್ಲಿ ಕೂತಿದ್ದಾಳೆ, ಅಲ್ಲಿ ಒಳಗೆ ತಾನೇ ಕಿರುಚುತ್ತಿದ್ದಾಳೆ! "ಹ್ಞೂಂ ಅತ್ತೆ," ಎಂದ ಅಳಿಯನ ದನಿಯೂ ಬಂತು.

ಬಾಗಿಲು ದೂಡಿದಳು. ಒಳಗೆ ನರಪಿಳ್ಳೆಯಿಲ್ಲ. ಹಿತ್ತಲ ಬಾಗಿಲಿನ ಚಿಲಕ ತೆಗೆದಿತ್ತು. ಹತ್ತಿಯ ರಾಶಿಯ ಮೇಲೊಂದು ಖಾಲಿ ದಿಂಬಿನ ಗವಸು, ಅದರೊಳಗಿಂದ ದನಿ. ಕೈ ಹಾಕಿದರೆ ಮಗಳ ಹಳೆಯ ಫೋನು ಸಿಕ್ಕಿತು. ಬೆಚ್ಚಗಿತ್ತು. ಗಾಜಿನ ಮೇಲೆ ಅಕ್ಕಪಕ್ಕ ನಿಂತ ಎರಡು ಗೆರೆಯ ಗುರುತು.

ಅವಳು ಅದನ್ನು ಇದ್ದ ಹಾಗೆಯೇ ಇಟ್ಟು ಬಂದಳು. ಸಿಟ್ಟು ಬಂದಾಗ ಕೂಗುವವಳು ಕೂಗಲಿಲ್ಲ ಎಂದರೆ ಅನುಮಾನ ಎಷ್ಟು ಆಳಕ್ಕಿಳಿದಿತ್ತು ನೋಡಿ.

ಮರುದಿನ ಚಹಾ ಆದದ್ದೇ, "ದಾರ ತರ್ತೀನಿ," ಎಂದು ಹೊರಬಿದ್ದು ಹಿತ್ತಲ ಓಣಿಯ ತಿರುವಿನಲ್ಲಿ ನಿಂತಳು. ಅಳಿಯ ಬಂದ, ಪುಸ್ತಕ ಕಂಕುಳಲ್ಲಿ. ತಲೆ ತಗ್ಗಿಸಿ ಬೇಗ ಬೇಗ ನಡೆದ. ಮೀನಿನ ಅಂಗಡಿ, ಗ್ಯಾರೇಜು ದಾಟಿ ನೇರ ಆಸ್ಪತ್ರೆಯೊಳಕ್ಕೆ ಹೋದ.

ಹಿಂದೆಯೇ ಬಂದ ಹಾಸಿಗೆಯಮ್ಮ ಗೇಟಿನಲ್ಲೇ ನಿಂತಳು. ರೋಗವೋ? ಮಗಳಿಗೆ ಹೇಳದ ರೋಗವೋ? ಕಿಟಕಿಯಿಂದ ಇಣುಕಿದಳು. ಕಾಯುವವರ ದೊಡ್ಡ ಕೋಣೆ. ಗೋಡೆಯ ಮೇಲೆ ಸದ್ದು ಮಾಡಬಾರದೆಂದು ದಪ್ಪಕ್ಷರದ ಹಲಗೆ. ಬೆಂಚುಗಳ ಮೇಲೆ ಜನ ಮೂಕರ ಹಾಗೆ ಕೂತಿದ್ದರು. ಅವರ ನಡುವೆ ಅಳಿಯ, ತೊಡೆಯ ಮೇಲೆ ಪುಸ್ತಕ. ಬಾಯಿ ಹೊಲಿದ ಹಾಗೆ ಮುಚ್ಚಿದೆ. ಆ ಕಡೆಯಿಂದ ಬಂದ ನರ್ಸೊಬ್ಬಳು ಅವನನ್ನು ನೋಡಿ ಪರಿಚಯದ ನಗು ನಕ್ಕಳು. ಅವನೂ ನಕ್ಕ.

ರೋಗದ ಭಯ ಅಲ್ಲೇ ಬಿಟ್ಟುಹೋಯಿತು.

"ಆಸ್ಪತ್ರೆ ಊಟ ಹೇಗಿರುತ್ತೆ ಅಳಿಯಂದ್ರೇ?" ಅವತ್ತು ಬಡಿಸುತ್ತ ಕೇಳಿದಳು.

ಅಳಿಯನ ಕೈ ನಿಂತಿತು.

"ಗವಸಿನೊಳಗೆ ಅತ್ತೆ ಕೂಗ್ತಾ ಇರ್ತಾಳೆ, ನೀವು ಅಲ್ಲಿ ನರ್ಸಮ್ಮನ ಜೊತೆ ಹಲ್ಲು ಕಿರೀತಾ ಇರ್ತೀರಿ. ಚೆನ್ನಾಗಿದೆ ವ್ಯಾಕರಣ."

"ಅತ್ತೆ, ಓದೋಕೆ ಹೋಗ್ತೀನಿ. ಈ ಊರಲ್ಲಿ ಬಾಯಿ ಮುಚ್ಚಿಕೊಂಡಿರಿ ಅಂತ ಬೋರ್ಡು ಹಾಕಿರೋ ಜಾಗ ಅದೊಂದೇ. ಕಿರುಚ್ಕೊಂಡು ಓದಿದ್ರೆ ನನಗೆ ಒಂದಕ್ಷರ ಹತ್ತಲ್ಲ. ನರ್ಸು ದಿನಾ ನೋಡ್ತಾರೆ, ನಗ್ತಾರೆ. ಅಷ್ಟೇ."

"ಬಾಯಿ ಮುಚ್ಚಿಕೊಂಡು ಇಂಗ್ಲಿಷು ಓದಿದ್ದನ್ನ ಯಾರಾದ್ರೂ ಕಂಡಿದ್ದೀರಾ? ನನ್ನ ಮಗಳ ಕಣ್ಣಿಗೆ ಮಣ್ಣೆರಚಿ..."

"ನನ್ನ ಕಣ್ಣಿಗೆ ಯಾರೂ ಮಣ್ಣೆರಚಿಲ್ಲ," ಎಂದಳು ಮಗಳು. "ಅವರ ಓದನ್ನ ಫೋನಿಗೆ ಹಿಡಿದಿಟ್ಟವಳು ನಾನು. ದಿನಾ ಗುಂಡಿ ಒತ್ತೋಳೂ ನಾನೇ."

ಹಾಸಿಗೆಯಮ್ಮ ಸಾರಿನ ಸೌಟು ಹಿಡಿದೇ ಕೂತುಬಿಟ್ಟಳು. ಆಮೇಲೆ ಗಂಡನ ಕಡೆ ತಿರುಗಿದಳು. ಅವನು ಮೊಟ್ಟೆಯ ಸಿಪ್ಪೆಯನ್ನು ಅತಿ ಜಾಗ್ರತೆಯಿಂದ ಬಿಡಿಸುತ್ತಿದ್ದ.

"ನಿಮಗೂ ಗೊತ್ತಿತ್ತಾ?"

"ಸುಮ್ನೆ ಊಟ ಮಾಡೇ. ಹುಡುಗ ಓದ್ಕೊಳ್ಳಿ."

"ಅಂದ್ರೆ ಈ ಮನೇಲಿ ಗೊತ್ತಿಲ್ಲದೆ ಇದ್ದದ್ದು ನನಗೊಬ್ಬಳಿಗೇ! ಯಂತ್ರಕ್ಕೂ ಗೊತ್ತಿರಬೇಕು!" ಸೌಟು ಪಾತ್ರೆಯೊಳಕ್ಕೆ ಬಿತ್ತು. "ಏನೇ, ಎಲ್ಲಾ ಕಟ್ಟಿಟ್ಟಿದ್ದೀಯಾ ಗಂಟುಮೂಟೆ? ಯಾವ ಊರಿಗೆ?"

"ಯಾವ ಊರಿಗೂ ಇಲ್ಲಮ್ಮ. ಅವರು ಇಲ್ಲಿಯ ಹೋಟೆಲಲ್ಲೇ ಕೆಲಸ ಕೇಳ್ತಾರೆ."

"ಹೌದು ಅತ್ತೆ. ನಾನು ಮಾತು ಕೊಡ್ತೀನಿ."

"ಗವಸಿನೊಳಗೆ ಇಟ್ಟು ಕೊಡಿ," ಎಂದಳು ಹಾಸಿಗೆಯಮ್ಮ.

ಅಂದಿನಿಂದ ಅಳಿಯ ಮುಂದಿನ ಕೋಣೆಯಲ್ಲೇ, ಯಂತ್ರದ ಪಕ್ಕದಲ್ಲೇ, ಅವಳ ಕಣ್ಣೆದುರೇ ಓದಬೇಕಾಯಿತು. ಅವನು ಕಿವಿಗೆ ಹತ್ತಿ ಇಟ್ಟುಕೊಂಡು ತುಟಿ ಅಲ್ಲಾಡಿಸುತ್ತಿದ್ದ. ತುಟಿ ಅಲ್ಲಾಡಿಸುವುದು ಬರಿ ತೋರಿಕೆಗೆ ಎಂದು ಅವಳಿಗೆ ಅನುಮಾನ. ಮಗಳು ಚಹಾ ಕೊಡುವಾಗ ಅವನ ಕಿವಿಯಲ್ಲಿ ಏನೋ ಹೇಳಿದರೆ ಅನುಮಾನ. ಗಂಡ ಅಳಿಯನಿಗೆ ಹೆಚ್ಚಾಗಿ ಒಂದು ಬ್ರೆಡ್ಡಿನ ತುಂಡು ಹಾಕಿದರೂ ಅನುಮಾನ. ಒಮ್ಮೆ ಅಳಿಯನ ಪುಸ್ತಕ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಅಂಚಿನ ತುಂಬ ಪೆನ್ಸಿಲಿನ ಸಣ್ಣ ಸಣ್ಣ ಗುರುತುಗಳು, ಕೊನೆಯ ಪುಟದವರೆಗೆ. ಇವನು ಪಾಸಾಗುತ್ತಾನೆ ಎಂದು ಅವಳಿಗೆ ಆಗ ಅನ್ನಿಸಿತು. ಅವಳಿಗೆ ನಿಜವಾಗಿ ಹೆದರಿಕೆಯಾದದ್ದು ಅವತ್ತೇ.

ಪರೀಕ್ಷೆಯ ದಿನ ಬೆಳಿಗ್ಗೆ ಅಳಿಯ ಬಿಳಿ ಅಂಗಿ ಹಾಕಿದ. ಮಗಳು ತಾನೇ ಇಸ್ತ್ರಿ ಮಾಡಿದ್ದಳು. ಗೇಟು ಮುಚ್ಚಿದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ ಎಂದು ಚೀಟಿಯಲ್ಲಿ ಬರೆದಿತ್ತು. ಅವನು ಚಪ್ಪಲಿ ಮೆಟ್ಟುವ ಹೊತ್ತಿಗೆ ಬಾಗಿಲಲ್ಲಿ ವ್ಯಾನು ಬಂದು ನಿಂತಿತು.

"ಹಾಸ್ಟೆಲಿನ ಹಾಸಿಗೆ," ಎಂದಳು ಹಾಸಿಗೆಯಮ್ಮ. "ಮಾವನ ಸೊಂಟ ಹಿಡ್ಕೊಂಡಿದೆ. ಒಂದ್ನಾಲ್ಕು ಹತ್ತಿಸಿ ಹೋಗಿ ಅಳಿಯಂದ್ರೇ."

"ಮಧ್ಯಾಹ್ನ ಅಂದಿದ್ರಲ್ಲ ಅತ್ತೆ?"

"ಬಂದ ವ್ಯಾನನ್ನ ವಾಪಸ್ ಕಳಿಸ್ಲಾ?"

ಹತ್ತಿಯ ಹಾಸಿಗೆ ಒಬ್ಬನಿಂದ ಏಳುವುದಲ್ಲ. ಅಳಿಯ ಮುಂದೆ, ಮಗಳು ಹಿಂದೆ, ಅಟ್ಟದಿಂದ ಒಂದೊಂದಾಗಿ ಇಳಿಸಿದರು. ನಾಲ್ಕಾದ ಮೇಲೆ, "ಇನ್ನೆರಡು," ಎಂದಳು. ಆಮೇಲೆ, "ಅರ್ಧ ತುಂಬಿಸಿದ್ರೆ ದಾರೀಲಿ ಉರುಳುತ್ತೆ, ಎಲ್ಲಾ ಹಾಕಿ." ಬಿಗಿಯುವಾಗ ಹಗ್ಗ ಕಿತ್ತುಬಂತು, ಮತ್ತೆ ಕಟ್ಟಬೇಕಾಯಿತು. ಅಳಿಯ ಆ ವ್ಯಾನನ್ನೇ ಹತ್ತಿ ಹೊರಟಾಗ ಅಂಗಿಯ ಬಿಳುಪಿಗೂ ಹತ್ತಿಯ ಬಿಳುಪಿಗೂ ವ್ಯತ್ಯಾಸವಿರಲಿಲ್ಲ.

ಮಧ್ಯಾಹ್ನಕ್ಕೆ ಮೊದಲೇ ವಾಪಸ್ ಬಂದ. ಗೇಟು ಆಗಲೇ ಮುಚ್ಚಿತ್ತಂತೆ. ಮಗಳು ತಟ್ಟೆ ಇಟ್ಟಳು. ಅವನು ಅರ್ಧ ಉಂಡು ಕೇಳಿದ:

"ವ್ಯಾನನ್ನ ಬೆಳಿಗ್ಗೆಗೆ ಬದಲಾಯಿಸಿದ್ದು ಯಾರು ಅತ್ತೆ?"

"ನನಗೇನು ಗೊತ್ತು? ವ್ಯಾನಿನವನಿಗೆ ಬಿಡುವು ಆವಾಗ ಇತ್ತೇನೋ."

"ನಿನ್ನೆ ನೀವೇ ಅವನ ಮನೆಗೆ ಹೋಗಿ ಹೇಳಿದ್ರಂತೆ. ಪಾಪ, ಅವನೇ ಗಾಡಿ ಓಡಿಸಿಕೊಂಡು ಗೇಟಿನವರೆಗೂ ಬಿಟ್ಟ. ದಾರೀಲಿ ಹೇಳಿದ."

ಯಜಮಾನ ತುತ್ತು ಕೆಳಗಿಟ್ಟ. ಮಗಳು ಅಮ್ಮನ ಮುಖವನ್ನೇ ನೋಡುತ್ತಿದ್ದಳು.

"ಮಳೆ ಬರೋ ಹಾಗಿತ್ತು," ಎಂದಳು ಹಾಸಿಗೆಯಮ್ಮ. "ಹಾಸಿಗೆ ನೆನೆದ್ರೆ ನೀನು ಕಟ್ಟಿಕೊಡ್ತೀಯಾ?"

ಮದುವೆಯಾದಾಗಿನಿಂದ ಅವಳು ಅವನನ್ನು 'ನೀನು' ಎಂದದ್ದು ಅದೇ ಮೊದಲು. ಅಳಿಯ ಕಿಟಕಿಯಾಚೆ ನೋಡಿದ. ಬೀದಿಯಲ್ಲಿ ಬಿಸಿಲು ಸುಡುತ್ತಿತ್ತು.

"ಮಳೆ ಬಂತಾ ಅತ್ತೆ?"

ಉಳಿದದ್ದನ್ನು ಪೂರ್ತಿ ಉಂಡ. ತಟ್ಟೆ ತೊಳೆದು ಬೋರಲು ಹಾಕಿದ. ಎರಡು ಅಂಗಿ, ಆ ಪುಸ್ತಕ, ಬಾಚಣಿಗೆ ಚೀಲಕ್ಕೆ ಹಾಕಿದ. ಹೊಸ್ತಿಲಲ್ಲಿ ನಿಂತು ಹೆಂಡತಿಯನ್ನು ಕೇಳಿದ: "ಬರ್ತೀಯಾ?"

ಮಗಳ ಕೈಯಲ್ಲಿ ಸೂಜಿಯಿತ್ತು. ಅಮ್ಮನನ್ನು ನೋಡಿದಳು, ಅಪ್ಪನನ್ನು ನೋಡಿದಳು. "ಹಾಸಿಗೆ... ಅರ್ಧಕ್ಕೇ ಇದೆ," ಎಂದಳು.

"ಹೋಟೆಲಿನ ಹಿಂದೆ ಕೆಲಸದವರ ಕೋಣೆ ಇದೆ. ಯಾವಾಗ ಬಂದ್ರೂ ಸರಿ. ಬರ್ತೀನಿ ಮಾವ."

ಅತ್ತೆಗೆ ಏನೂ ಹೇಳಲಿಲ್ಲ. ಹೋದವನು ಅವತ್ತೂ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಮಗಳು ಅರ್ಧ ಹಾಸಿಗೆ ಮುಗಿಸಿದಳು. ಇನ್ನೊಂದು ತೆಗೆದುಕೊಂಡಳು. ಹೋಗುತ್ತೇನೆ ಎನ್ನಲಿಲ್ಲ, ಹೋಗುವುದಿಲ್ಲ ಎಂದೂ ಹೇಳಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದಳು, ಉಪ್ಪು ಬೇಕಾದರೆ ತಾನೇ ಎದ್ದು ತರುತ್ತಿದ್ದಳು. ಯಜಮಾನ ತಮಾಷೆ ಮಾಡುವುದನ್ನು ಬಿಟ್ಟ. ಮಗಳು ದಾರ ತರಲು ಹೊರಗೆ ಹೋದರೆ ಹಾಸಿಗೆಯಮ್ಮ ಬಾಗಿಲಲ್ಲೇ ನಿಂತಿರುತ್ತಿದ್ದಳು. ತಿರುವಿನಲ್ಲಿ ಮತ್ತೆ ತಲೆ ಕಾಣುವವರೆಗೂ ಅವಳ ಕೈ ಕೆಲಸಕ್ಕೆ ಏಳುತ್ತಿರಲಿಲ್ಲ.

"ಏನ್ರೀ, ಅಳಿಯನ ಓದೇ ಕೇಳ್ತಾ ಇಲ್ಲ?" ಗಾಜಿನಂಗಡಿಯವಳು ಒಂದು ಸಂಜೆ ಬೀದಿಯಾಚೆಯಿಂದ ಕೇಳಿದಳು. "ಪಾಸಾದನಾ, ಪರಾರಿಯಾದನಾ?"

"ಒಳಗೇ ಇದ್ದಾರೆ. ಮತ್ತೆ ಬರೆಯೋದಿದೆ."

"ಒಳಗಿದ್ರೆ ಸದ್ದೇ ಇಲ್ವಲ್ಲ!"

ಆ ಮಾತು ಹಾಸಿಗೆಯಮ್ಮನಿಗೆ ಚುಚ್ಚಿತು. ಮಗಳು ಮನೆಯಲ್ಲಿರಲಿಲ್ಲ. ಒಳಗೆ ಹೋಗಿ ಹತ್ತಿಯ ರಾಶಿಯಲ್ಲಿ ಕೈಯಾಡಿಸಿದಳು. ಗವಸು ಅಲ್ಲೇ ಇತ್ತು, ಫೋನೂ ಇತ್ತು. ತಂತಿ ಸಿಕ್ಕಿಸಿ, ಜೀವ ಬಂದ ಮೇಲೆ ಆ ಎರಡು ಗೆರೆಯ ಜಾಗದಲ್ಲಿ ಈಗ ಇದ್ದ ತ್ರಿಕೋನವನ್ನು ಒತ್ತಿದಳು.

"ರೈಟ್, ರೋಟ್, ರಿಟನ್..."

ಹೊರಗೆ ಬಂದಾಗ ಗಾಜಿನಂಗಡಿಯವಳು ತಲೆದೂಗುತ್ತಿದ್ದಳು. "ಅಯ್ಯೋ, ಇದ್ದಾರೆ ಬಿಡಿ!" ಎಂದಳು. ಹಾಸಿಗೆಯಮ್ಮ ಗಲ್ಲ ಎತ್ತಿದಳು.

ಅದೇ ಅಭ್ಯಾಸವಾಯಿತು. ಮಗಳು ಹೊರಗೆ ಹೋದ ಸಂಜೆಗಳಲ್ಲಿ ದನಿ ಬೀದಿಗೆ ಕೇಳುತ್ತಿತ್ತು. ಅವಳು ಬರುವಷ್ಟರಲ್ಲಿ ನಿಲ್ಲುತ್ತಿತ್ತು. ಗಂಡ, "ಏನೇ ಇದು ಹುಚ್ಚು?" ಎಂದರೆ, "ಬೀದಿಯವರ ಬಾಯಿಗೆ ನೀವು ಬೀಗ ಹಾಕ್ತೀರಾ?" ಎಂದಳು.

ಒಂದು ಸಂಜೆ ದಾರದ ಅಂಗಡಿ ಮುಚ್ಚಿತ್ತು.

ಬೀದಿಯಲ್ಲಿ ಯಾರೋ ಓಡಿಬರುವ ಸದ್ದು ಕೇಳಿ ಹಾಸಿಗೆಯಮ್ಮ ತಲೆ ಎತ್ತಿದಳು. ಮಗಳು! ಚಪ್ಪಲಿ ಬಿಡದೆ, ಹರಡಿಟ್ಟ ಹಾಸಿಗೆಯನ್ನೇ ತುಳಿದು, ಮುಖವೆಲ್ಲ ಅರಳಿಸಿಕೊಂಡು ಒಳಕ್ಕೆ ಓಡಿದಳು. "ಯಾವಾಗ ಬಂದ್ರಿ?" ಎಂದು ಕೂಗುತ್ತಲೇ ಹತ್ತಿ ಕೋಣೆಯ ಬಾಗಿಲು ದೂಡಿದಳು.

ಹಾಸಿಗೆಯಮ್ಮನಿಗೆ ಏಳಲು ಆಗಲಿಲ್ಲ. ಸೂಜಿ ಹಾಸಿಗೆಯಲ್ಲೇ ಸಿಕ್ಕಿಕೊಂಡಿತ್ತು.

ಒಳಗೆ ದನಿ ಓದುತ್ತಲೇ ಇತ್ತು. ಬಹಳ ಹೊತ್ತಾದ ಮೇಲೆ ಮಗಳು ಹೊರಬಂದಳು. ಜಡೆಯಲ್ಲಿ, ಹುಬ್ಬಿನಲ್ಲಿ ಹತ್ತಿ. ಅವಳು ಅಳುತ್ತಿರಲಿಲ್ಲ. ನಲ್ಲಿಯ ಕೆಳಗೆ ಮುಖ ತೊಳೆದಳು. ಗೂಟದಲ್ಲಿದ್ದ ಚೀಲಕ್ಕೆ ಎರಡು ಸೀರೆ ತುರುಕಿದಳು. ಅಪ್ಪನ ಭುಜ ಮುಟ್ಟಿ ಹೊಸ್ತಿಲು ದಾಟಿದಳು.

"ಏ, ಎಲ್ಲಿಗೆ? ನಿಲ್ಲೇ!" ಎಂದಳು ಹಾಸಿಗೆಯಮ್ಮ. "ಬೀದಿಯವರು ಆಡ್ಕೊಳ್ತಾರೆ ಅಂತ ಹಾಕ್ದೆ ಕಣೇ. ಇನ್ಮೇಲೆ ಹಾಕಲ್ಲ. ಕೇಳಿಸ್ತಾ? ಹಾಕಲ್ಲ!"

ಮಗಳು ತಿರುಗಿ ನೋಡಲಿಲ್ಲ. ತಿರುವಿನಲ್ಲಿ ಅವಳ ತಲೆ ಮರೆಯಾಯಿತು. ಹಾಸಿಗೆಯಮ್ಮ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ನಿಂತಳು. ಗಾಜಿನಂಗಡಿಯವಳು ದೀಪ ಹಾಕಿದಳು, ಆಮೇಲೆ ಆರಿಸಿ ಅಂಗಡಿ ಮುಚ್ಚಿದಳು. ತಿರುವಿನಲ್ಲಿ ಯಾರ ತಲೆಯೂ ಕಾಣಲಿಲ್ಲ. ಹತ್ತಿ ಕೋಣೆಯಲ್ಲಿ ಓದು ಮುಗಿದು ತಾನಾಗಿಯೇ ಮತ್ತೆ ಮೊದಲಿನಿಂದ ಶುರುವಾಯಿತು. ಯಜಮಾನ ಯಂತ್ರದ ಪಕ್ಕ ಕೂತೇ ಇದ್ದ. ಎದ್ದು ಫೋನು ಆರಿಸಬೇಕೆಂದು ಇಬ್ಬರಿಗೂ ತೋಚಲಿಲ್ಲ.

"ಗಟ್ಟಿಯಾಗಿ!" ಎಂದು ಒಳಗಿನಿಂದ ಅವಳ ದನಿ ಅಬ್ಬರಿಸಿತು. "ನಾನಿಲ್ಲೇ ಇದ್ದೀನಿ, ನೆನಪಿರಲಿ!"

"ಹ್ಞೂಂ ಅತ್ತೆ."